ಮಾತಿಗೆ ಬೀಗ ಇದೆ, ಜಾಗಕ್ಕಿಲ್ಲ: ಜನರನ್ನ ಹುಡುಕೋ ವೈರ್‌ಲೆಸ್ ಸೆನ್ಸರುಗಳ ಸೆಕ್ಯೂರಿಟಿ ಬಗ್ಗೆ

ಆಸ್ಪತ್ರೆಲಿ ನರ್ಸ್ ಕೊರಳಲ್ಲಿರೋ ಬ್ಯಾಡ್ಜು, ಫ್ಯಾಕ್ಟರಿಲಿ ಕೆಲಸಗಾರನ ಹೆಲ್ಮೆಟ್ಟಿಗೆ ಅಂಟಿಸಿರೋ ಟ್ಯಾಗು, ಮರೆವಿನ ಕಾಯಿಲೆ ಇರೋ ಅಜ್ಜಿ ಕೈಗೆ ಕಟ್ಟಿರೋ ಪಟ್ಟಿ, ಗಣಿಗೆ ಇಳಿಯೋರ ಬೆಲ್ಟಲ್ಲಿರೋ ಡಬ್ಬಿ, ಇವೆಲ್ಲ ಮಾಡೋದು ಒಂದೇ ಕೆಲಸ. ಸೆಕೆಂಡಿಗೊಂದು ಸಲವೋ ಹತ್ತು ಸೆಕೆಂಡಿಗೊಂದು ಸಲವೋ "ನಾನು ಇಂಥ ನಂಬರು" ಅಂತ ರೇಡಿಯೋದಲ್ಲಿ ಒಂದು ಸಣ್ಣ ಕೂಗು ಹಾಕೋದು. ಗೋಡೆ ಮೇಲೆ ಅಲ್ಲಲ್ಲಿ ಕೂರಿಸಿರೋ ಡಬ್ಬಿಗಳು, ಈ ಫೀಲ್ಡಲ್ಲಿ ಅವನ್ನ ಆಂಕರ್ ಅಂತಾರೆ, ಆ ಕೂಗು ಕೇಳಿಸಿಕೊಂಡು ಸರ್ವರಿಗೆ ಹೇಳ್ತವೆ, ಸರ್ವರು ಲೆಕ್ಕ ಹಾಕಿ ಮ್ಯಾಪ್ ಮೇಲೆ ಒಂದು ಚುಕ್ಕಿ ಇಡತ್ತೆ. ಇಲ್ಲಿ ಒಂದು ವಿಷಯ ಗಮನಿಸಿ, ಆ ಕೂಗಲ್ಲಿ ಜಾಗದ ಬಗ್ಗೆ ಒಂದಕ್ಷರನೂ ಇಲ್ಲ. ಟ್ಯಾಗಿಗೆ ತಾನೆಲ್ಲಿದೀನಿ ಅಂತ ಗೊತ್ತೇ ಇರಲ್ಲ. ಜಾಗ ಸಿಗೋದು ಕೂಗು ಎಷ್ಟು ಜೋರಾಗಿ ಕೇಳಿಸ್ತು, ಯಾವ ಕ್ಷಣದಲ್ಲಿ ಬಂತು, ಯಾವ ಕಡೆಯಿಂದ ಬಂತು ಅನ್ನೋದರಿಂದ.

ಸೆಕ್ಯೂರಿಟಿ ತಲೆನೋವು ಶುರುವಾಗೋದೂ ಇಲ್ಲೇ. "ನಮ್ಮ ಸಿಸ್ಟಮ್ಮಲ್ಲಿ ಎಇಎಸ್ 128 ಎನ್‌ಕ್ರಿಪ್ಷನ್ ಇದೆ ಸಾರ್" ಅಂತ ಮಾರೋರು ಹೇಳಿದ ತಕ್ಷಣ ಎಲ್ಲರೂ ತಲೆ ಆಡಿಸ್ತಾರೆ (ಎಇಎಸ್ ಅಂದ್ರೆ ಕೀ ಇಲ್ಲದೋನಿಗೆ ಓದೋಕಾಗದ ಹಾಗೆ ಮೆಸೇಜನ್ನ ಕಲೆಸೋ ಒಂದು ವಿಧಾನ), ಆದ್ರೆ ಎನ್‌ಕ್ರಿಪ್ಷನ್ ಕಾಯೋದು ಏನು ಹೇಳಿದ್ರು ಅನ್ನೋದನ್ನ, ಕೂಗು ಹೇಗೆ ಬಂತು ಅನ್ನೋದನ್ನಲ್ಲ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದಂಗೆ, ಮೆಸೇಜ್ ಒಳಗಿರೋದು ಯಾರಿಗೂ ಕಾಣಲ್ಲ ಅಂದ್ಕೊಂಡು ನಿಶ್ಚಿಂತೆಯಿಂದ ಇರ್ತೀವಿ, ಜಾಗನ ಕದಿಯೋನಿಗೂ ಸುಳ್ಳು ಜಾಗ ತೋರಿಸೋನಿಗೂ ಒಳಗಿರೋದು ಬೇಕಾಗೇ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಜನರನ್ನ ಒಳಾಂಗಣದಲ್ಲಿ ಹುಡುಕೋ ಮೊದಮೊದಲ ಸಿಸ್ಟಮುಗಳಲ್ಲಿ ಒಂದು ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿದ್ದ ಒಲಿವೆಟ್ಟಿ ರಿಸರ್ಚ್ ಲ್ಯಾಬಿನವರು 1990ರ ಆಸುಪಾಸಲ್ಲಿ ಮಾಡಿದ ಆಕ್ಟಿವ್ ಬ್ಯಾಡ್ಜ್. ಅದು 15 ಸೆಕೆಂಡಿಗೊಮ್ಮೆ ಇನ್‌ಫ್ರಾರೆಡ್ ಬೆಳಕಲ್ಲಿ ತನ್ನ ನಂಬರ್ ಕಳಿಸ್ತಿತ್ತು, ಬೆಳಕು ಗೋಡೆ ದಾಟಲ್ವಲ್ಲ, ಹಾಗಾಗಿ ಯಾವ ರೂಮಿನ ಸೆನ್ಸರಿಗೆ ಕಾಣಿಸ್ತೋ ಆ ರೂಮಲ್ಲಿ ಇದಾರೆ ಅಂತ ಅರ್ಥ. ಇಷ್ಟ ಇಲ್ಲ ಅಂದ್ರೆ ಬ್ಯಾಡ್ಜ್ ತೆಗೆದು ಡ್ರಾಯರಲ್ಲಿ ಹಾಕಿದ್ರೆ ಮುಗೀತು. ಆಮೇಲೆ 2000ದಲ್ಲಿ ಮೈಕ್ರೋಸಾಫ್ಟ್ ರಿಸರ್ಚಿಂದ ರೇಡಾರ್ ಅನ್ನೋ ಹೆಸರಿನ ಒಂದು ಸಿಸ್ಟಮ್ ಬಂತು (ವಿಮಾನ ಹುಡುಕೋ ರೇಡಾರ್ ಅಲ್ಲ), ವೈಫೈ ಸಿಗ್ನಲ್ ಎಷ್ಟು ಸ್ಟ್ರಾಂಗ್ ಇದೆ ಅನ್ನೋದರ ಮೇಲೆ ಜಾಗ ಹೇಳೋದು. ಇವತ್ತಿಗೂ ಕಡಿಮೆ ಖರ್ಚಿನ ಸಿಸ್ಟಮುಗಳಲ್ಲಿ ಬಹುಪಾಲು ಇದೇ ದಾರಿಲೇ ಇವೆ, ಯಾಕಂದ್ರೆ ಸಿಗ್ನಲ್ ಸ್ಟ್ರೆಂತ್ ಅಳೆಯೋಕೆ ಹೊಸ ಹಾರ್ಡ್‌ವೇರ್ ಬೇಡ, ಎಲ್ಲಾ ರೇಡಿಯೋ ಚಿಪ್ಪೂ ಅದನ್ನ ಪುಕ್ಕಟೆ ಕೊಡತ್ತೆ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಸಿಗ್ನಲ್ 6 ಡೆಸಿಬಲ್ ಇಳಿಯತ್ತೆ, ಅಂದ್ರೆ ಕಾಲು ಭಾಗ ಆಗತ್ತೆ, ಅದನ್ನೇ ಉಲ್ಟಾ ಮಾಡಿ ದೂರ ತೆಗೀತಾರೆ.

ಪುಕ್ಕಟೆ ಸಿಕ್ಕಿದ್ದಕ್ಕೆ ತಕ್ಕ ಬೆಲೆ ಅಷ್ಟೇ. ಒಂದು ಆಂಪ್ಲಿಫೈಯರ್ ಹಾಕಿ 6 ಡೆಸಿಬಲ್ ಜಾಸ್ತಿ ಮಾಡಿದ್ರೆ ನಾನು ಅರ್ಧ ದೂರಕ್ಕೆ ಬಂದ ಹಾಗೆ ಕಾಣಿಸ್ತೀನಿ, ಟ್ಯಾಗಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ರೆ ದೂರ ಹೋದ ಹಾಗೆ. ಇದಕ್ಕೆ ಕೀ ಒಡೆಯೋದು ಬೇಡ, ಸಾಫ್ಟ್‌ವೇರ್ ಗೊತ್ತಿರಬೇಕಾಗಿಲ್ಲ. ನಿಜ ಹೇಳಬೇಕಂದ್ರೆ ಅಟ್ಯಾಕ್ ಯಾಕೆ, ಮನುಷ್ಯನ ಮೈ ತುಂಬಾ ನೀರೇ ಇರೋದರಿಂದ ಆಂಕರಿಗೆ ಬೆನ್ನು ಮಾಡಿ ನಿಂತ್ರೂ ರೀಡಿಂಗ್ ಬದಲಾಗತ್ತೆ. ಹಾಗಾಗಿ ಸಿಗ್ನಲ್ ಸ್ಟ್ರೆಂತ್ ನೋಡಿ ಬಾಗಿಲು ತೆಗೆಯೋ, ಮಷೀನ್ ನಿಲ್ಲಿಸೋ, ಹಾಜರಿ ಹಾಕೋ ಯಾವ ಸಿಸ್ಟಮ್ಮನ್ನೂ ನಾನಂತೂ ಸೆಕ್ಯೂರಿಟಿ ಅಂತ ಕರೆಯಲ್ಲ, ಅದು ಅಂದಾಜು.

ಒಂದು ಕಡೆ ಕೂತು ತನ್ನ ಗುರುತು ಕೂಗೋ ಡಬ್ಬಿಗೆ ಬೀಕನ್ ಅಂತಾರೆ, ಅವುಗಳ ಕಥೆ ಇನ್ನೂ ಸರಳ. ಆಪಲ್ 2013ರಲ್ಲಿ ತಂದ ಐಬೀಕನ್ ಒಂದು ಉದ್ದನೆ ಐಡಿ, ಎರಡು ಸಣ್ಣ ನಂಬರು, ಇಷ್ಟನ್ನ ಬ್ಲೂಟೂತಲ್ಲಿ ಬಟಾಬಯಲಾಗಿ ಕೂಗ್ತಾ ಇರತ್ತೆ, ಫೋನು ಅದನ್ನ ಕೇಳಿ ಓ ನಾನು ಇಲ್ಲಿದೀನಿ ಅಂದ್ಕೊಳತ್ತೆ. ಕೂಗಿದ್ದನ್ನ ರೆಕಾರ್ಡ್ ಮಾಡಿಕೊಂಡು ಇನ್ನೊಂದು ಕಡೆ ಕೂಗಿದ್ರೆ ಆ ಜಾಗನೇ ಎದ್ದು ಅಲ್ಲಿಗೆ ಬಂದ ಹಾಗೆ. 2014ರ ಸಿಇಎಸ್ ಅನ್ನೋ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಬೀಕನ್ ಹುಡುಕೋ ಒಂದು ಆಟ ಇಟ್ಟಿದ್ರು, ಆಪ್ ಬಿಚ್ಚಿ ನೋಡಿ ನಂಬರುಗಳನ್ನ ತೆಗೆದು, ಮೇಳಕ್ಕೆ ಕಾಲೇ ಇಡದೆ ಆಟ ಮುಗಿಸಬಹುದು ಅಂತ ಇಬ್ಬರು ತೋರಿಸಿಬಿಟ್ರು. ಅದು ಆಟ, ನಗಬಹುದು. ಅದೇ ಐಡಿಯಾ ಮೇಲೆ ವೃದ್ಧರ ಕೇರ್ ಸೆಂಟರಲ್ಲಿ ಯಾರು ಯಾವ ರೂಮಲ್ಲಿದಾರೆ ಅಂತ ನೋಡ್ತಿದ್ರೆ ನಗೋಕಾಗಲ್ಲ.

ಹಾಗಾದ್ರೆ ನಂಬಬಹುದಾದ ಅಳತೆ ಯಾವುದು? ಸಮಯ. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲ್ಲ ಅನ್ನೋದನ್ನ ಯಾವ ಹ್ಯಾಕರ್ರೂ ಮುರಿಯೋಕಾಗಲ್ಲ. ಬೆಳಕು, ಅದರ ಜೊತೆ ರೇಡಿಯೋನೂ, ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗತ್ತೆ. 1993ರಲ್ಲಿ ಬ್ರಾಂಡ್ಸ್ ಮತ್ತು ಚಾಮ್ ಅನ್ನೋ ಇಬ್ಬರು ಇದನ್ನ ಹಿಡಿದು ಡಿಸ್ಟೆನ್ಸ್ ಬೌಂಡಿಂಗ್ ಅನ್ನೋ ಪ್ರೋಟೋಕಾಲ್ ಕೊಟ್ಟರು. ಆಂಕರ್ ಒಂದು ಬಿಟ್, ಅಂದ್ರೆ ಸೊನ್ನೆ ಇಲ್ಲ ಒಂದು, ಅಷ್ಟೇ ಉದ್ದದ ಪ್ರಶ್ನೆ ಎಸೆಯತ್ತೆ, ಟ್ಯಾಗು ತನ್ನ ಗುಟ್ಟಿನ ಕೀ ಇಟ್ಕೊಂಡು ತಕ್ಷಣ ಒಂದು ಬಿಟ್ ಉತ್ತರ ಕೊಡಬೇಕು, ಹೋಗಿ ಬಂದ ಸಮಯ ಅಳೀತಾರೆ, ಇದನ್ನ ಮತ್ತೆ ಮತ್ತೆ ಮಾಡ್ತಾರೆ. ಪ್ರಶ್ನೆ ಏನು ಅಂತ ಮುಂಚೆ ಗೊತ್ತಿಲ್ಲದೇ ಇರೋದರಿಂದ ಮುಂಚೆಯೇ ಉತ್ತರ ಕೊಡೋಕಾಗಲ್ಲ, ದೂರ ಇರೋನು ಹತ್ತಿರ ಇದೀನಿ ಅಂತ ಸುಳ್ಳು ಹೇಳೋಕಾಗಲ್ಲ. ತಡ ಮಾಡಿ ದೂರ ಇದೀನಿ ಅಂತ ಬೇಕಾದ್ರೆ ಹೇಳಬಹುದು, ಹತ್ತಿರ ಇದೀನಿ ಅಂತ ಹೇಳೋಕಾಗಲ್ಲ, ಈ ಒಂದು ವಾಲುವಿಕೆ ನೆನಪಲ್ಲಿಟ್ಕೊಳಿ ಮುಂದೆ ಬೇಕಾಗತ್ತೆ. ಪೇಪರ್ ಮೇಲೆ ಸೊಗಸಾಗಿದೆ, ಆದ್ರೆ ಹೋಗಿ ಬರೋ ಲೆಕ್ಕದಲ್ಲಿ ಟ್ಯಾಗಿನ ಚಿಪ್ಪು ಯೋಚನೆಗೆ ಒಂದು ಮೈಕ್ರೋಸೆಕೆಂಡ್ ಆಚೀಚೆ ಮಾಡಿದ್ರೂ 150 ಮೀಟರ್ ಏರುಪೇರು, ಬ್ಯಾಟರಿ ಉಳಿಸೋಕೆ ನಿದ್ದೆ ಮಾಡೋ ಸಣ್ಣ ಚಿಪ್ಪಿಂದ ಅಷ್ಟು ಚುರುಕು ನಿರೀಕ್ಷೆ ಮಾಡೋದು ಹತ್ತಾರು ವರ್ಷ ಬರೀ ಕನಸಾಗಿತ್ತು.

ಸಮಯ ಅಳೆಯದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 2022ರಲ್ಲಿ ಎನ್‌ಸಿಸಿ ಗ್ರೂಪ್ ಅನ್ನೋ ಸೆಕ್ಯೂರಿಟಿ ಕಂಪನಿಯ ಸಂಶೋಧಕರು ಬ್ಲೂಟೂತ್ ಸಿಗ್ನಲ್ಲನ್ನ ಮಧ್ಯದಲ್ಲಿ ಹಿಡಿದು ಆಚೆ ಕಳಿಸೋ ರಿಲೇ ಅಟ್ಯಾಕ್ ತೋರಿಸಿದ್ರು, ಫೋನ್ ಹತ್ತಿರ ಇದ್ರೆ ಬಾಗಿಲು ತೆಗೆಯೋ ಕಾರು ದೂರದಲ್ಲಿದ್ದ ಫೋನನ್ನ ಪಕ್ಕದಲ್ಲೇ ಇದೆ ಅಂತ ನಂಬಿ ತೆರೆದುಕೊಳ್ತು. ಎನ್‌ಕ್ರಿಪ್ಷನ್ ಒಡೆದಿಲ್ಲ, ಒಂದು ಬಿಟ್ಟೂ ಬದಲಾಯಿಸಿಲ್ಲ, ಬರೀ ಎತ್ತಿ ಆಕಡೆ ಹಾಕಿದ್ರು. ಅದಕ್ಕೆ ಹಿಡಿದ ಹೆಚ್ಚುವರಿ ಸಮಯ ಸುಮಾರು 8 ಮಿಲಿಸೆಕೆಂಡ್. ಕಡಿಮೆ ಅನ್ಸತ್ತಾ? ಅಷ್ಟರಲ್ಲಿ ಬೆಳಕು 2400 ಕಿಲೋಮೀಟರ್ ಹೋಗಿರತ್ತೆ. ಅಷ್ಟು ತಡ ಆಗಿದ್ರೂ ಕಾರಿಗೆ ಅನುಮಾನ ಬರಲಿಲ್ಲ, ಯಾಕಂದ್ರೆ ಯಾರೂ ಅದಕ್ಕೆ ಗಡಿಯಾರ ನೋಡು ಅಂತ ಹೇಳಿರಲಿಲ್ಲ.

ಈಗ ಆ ವಾಲುವಿಕೆಗೆ ಬರೋಣ. ಚಾಪ್‌ಕುನ್ ಮತ್ತು ಊಬೋ 2005ರಲ್ಲಿ ಒಂದು ವಿಚಾರ ಮುಂದಿಟ್ರು, ವೆರಿಫೈಯಬಲ್ ಮಲ್ಟಿಲ್ಯಾಟರೇಷನ್ ಅಂತ, ಹೆಸರು ಹೆದರಿಸತ್ತೆ ವಿಷಯ ಹೈಸ್ಕೂಲ್ ಜ್ಯಾಮಿಟ್ರಿ. ಮೂರು ಆಂಕರ್ ತಗೊಂಡು ತ್ರಿಕೋನ ಮಾಡಿ, ಒಳಗೆ ಒಬ್ಬ ನಿಂತಿದಾನೆ ಅಂದ್ಕೊಳಿ. ಅವನು ತ್ರಿಕೋನದ ಒಳಗೇ ಇನ್ನೊಂದು ಜಾಗದಲ್ಲಿ ಇದೀನಿ ಅಂತ ನಂಬಿಸಬೇಕಂದ್ರೆ ಯಾವುದೋ ಒಂದು ಆಂಕರಿನಿಂದ ದೂರ ಆಗಬೇಕು, ಸರಿ ತಡ ಮಾಡಿ ದೂರ ಆದ, ಆದ್ರೆ ಅದೇ ಹೊತ್ತಿಗೆ ಇನ್ನೊಂದು ಆಂಕರಿಗೆ ಹತ್ತಿರ ಆಗಲೇಬೇಕು, ಕಾಗದದ ಮೇಲೆ ಬರೆದು ನೋಡಿ ಬೇರೆ ದಾರಿ ಇಲ್ಲ. ಹತ್ತಿರ ಆಗೋದು ಸಾಧ್ಯ ಇಲ್ಲ ಅಂತ ಆಗಲೇ ಹೇಳಿದ್ವಲ್ಲ. ಸಿಕ್ಕಿಬಿದ್ದ. ಈ ವಿಷಯದಲ್ಲಿ ನಾನು ಓದಿರೋದರಲ್ಲೆಲ್ಲ ನಂಗೆ ಅತಿ ಇಷ್ಟ ಆದ ತರ್ಕ ಇದು. ಅದರಿಂದ ಒಂದು ಪ್ರಾಕ್ಟಿಕಲ್ ಮಾತೂ ಹೊರಡತ್ತೆ, ಆಂಕರುಗಳನ್ನ ಕಟ್ಟಡದ ಮಧ್ಯದಲ್ಲಿ ಗುಂಪು ಹಾಕದೆ ಕಾಯಬೇಕಾದ ಜಾಗದ ಹೊರ ಅಂಚಲ್ಲಿ ಇಡಬೇಕು, ತ್ರಿಕೋನದ ಆಚೆ ಇರೋನ ಮೇಲೆ ಈ ಗ್ಯಾರಂಟಿ ನಡೆಯಲ್ಲ. ಇನ್‌ಸ್ಟಾಲ್ ಮಾಡೋರು ಪವರ್ ಪಾಯಿಂಟ್ ಎಲ್ಲಿದೆ ಅಂತ ನೋಡಿ ಡಬ್ಬಿ ಸಿಗಿಸ್ತಾರೆ, ಜ್ಯಾಮಿಟ್ರಿ ನೋಡಿ ಅಲ್ಲ.

ಸಮಯನ ಸರಿಯಾಗಿ ಅಳೆಯೋ ರೇಡಿಯೋ ಅಂದ್ರೆ ಅಲ್ಟ್ರಾ ವೈಡ್‌ಬ್ಯಾಂಡ್, ಯುಡಬ್ಲ್ಯೂಬಿ. 500 ಮೆಗಾಹರ್ಟ್ಸ್ ಅಗಲದ ಬ್ಯಾಂಡಲ್ಲಿ ಬಲು ಚಿಕ್ಕ ಪಲ್ಸ್ ಕಳಿಸೋದರಿಂದ ಹತ್ತಾರು ಸೆಂಟಿಮೀಟರ್ ಲೆಕ್ಕಕ್ಕೆ ಜಾಗ ಸಿಗತ್ತೆ, 2019ರ ಐಫೋನ್ 11ರಿಂದ ಇದು ಜನರ ಜೇಬಿಗೂ ಬಂತು. 2020ರಲ್ಲಿ 802.15.4ಝಡ್ ಅನ್ನೋ ಸ್ಟಾಂಡರ್ಡ್ ಬಂದು ಪಲ್ಸುಗಳ ಸಾಲನ್ನೇ ಎಇಎಸ್ ಕೀ ಇಂದ ಕಲೆಸಿಬಿಟ್ರು, ಅಂದ್ರೆ ಯಾವ ಪಲ್ಸ್ ಪ್ಲಸ್ ಯಾವುದು ಮೈನಸ್ ಅಂತ ಕೀ ಇಲ್ಲದೋನಿಗೆ ಊಹಿಸೋಕಾಗಬಾರದು. ಇಷ್ಟು ಹೊತ್ತು ಬೀಗ ಮಾತಿಗೆ ಮಾತ್ರ ಇದೆ ಅಂತ ಗೋಳಾಡ್ತಿದ್ದೆನಲ್ಲ, ಇಲ್ಲಿ ಬೀಗನ ಸಿಗ್ನಲ್ಲಿನ ಆಕಾರಕ್ಕೇ ಹಾಕಿದಾರೆ, ಸರಿಯಾದ ದಿಕ್ಕು. ಆದ್ರೆ ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋರು ಇದ್ದೇ ಇರ್ತಾರೆ. ಈಟಿಎಚ್ ಝ್ಯೂರಿಕ್ ಮತ್ತು ಡಾರ್ಮ್‌ಸ್ಟಾಟ್ ಟೆಕ್ನಿಕಲ್ ಯೂನಿವರ್ಸಿಟಿಯೋರು 2022ರಲ್ಲಿ ಗೋಸ್ಟ್ ಪೀಕ್ ಅಂತ ಒಂದು ಅಟ್ಯಾಕ್ ಪ್ರಕಟಿಸಿದ್ರು. ರಿಸೀವರಿಗೆ ಒಂದು ಅನಿವಾರ್ಯ ಇದೆ, ಗೋಡೆಗೆ ಬಡಿದು ಬಂದ ಸಿಗ್ನಲ್ಲು ಎಷ್ಟೋ ಸಲ ನೇರ ಬಂದದ್ದಕ್ಕಿಂತ ಜೋರಾಗಿರತ್ತೆ, ನೇರ ದಾರಿಲಿ ಮನುಷ್ಯನ ಮೈ ಅಡ್ಡ ಇದ್ರೆ ಹಾಗಾಗೋದು ಸಹಜ. ಹಾಗಾಗಿ ಅತಿ ಜೋರಾದ ಗುರುತು ಸಿಕ್ಕಮೇಲೂ ರಿಸೀವರು ಅದಕ್ಕಿಂತ ಮುಂಚೆ ಸಣ್ಣದಾಗಿ ಏನಾದ್ರೂ ಬಂದಿತ್ತಾ ಅಂತ ಹಿಂದಕ್ಕೆ ಹುಡುಕತ್ತೆ. ಅಟ್ಯಾಕರ್ ಮಾಡೋದಿಷ್ಟೇ, ಕೀ ಗೊತ್ತಿಲ್ಲದೆ ಸುಮ್ನೆ ಅಡ್ಡಾದಿಡ್ಡಿ ಪಲ್ಸುಗಳನ್ನ ಜೋರಾಗಿ ಎಸೆಯೋದು, ಆ ಗದ್ದಲದಲ್ಲಿ ಒಮ್ಮೊಮ್ಮೆ ಸರಿಯಾದ ಜಾಗದಲ್ಲಿ ಒಂದು ಸುಳ್ಳು ಗುರುತು ಹುಟ್ಟತ್ತೆ, ರಿಸೀವರು ಆಹಾ ನೇರ ಸಿಗ್ನಲ್ ಸಿಕ್ತು ಅಂದ್ಕೊಳತ್ತೆ. 12 ಮೀಟರ್ ದೂರ ಇದ್ದದ್ದನ್ನ ಸೊನ್ನೆ ಮೀಟರ್ ಅಂತ ತೋರಿಸಿದಾರೆ, ಗೆಲ್ಲೋ ಪ್ರಮಾಣ ಗರಿಷ್ಠ 4 ಪರ್ಸೆಂಟ್.

ನಾಲ್ಕೇ ಪರ್ಸೆಂಟಾ ಅನ್ನಬಹುದು, ನನಗೂ ಮೊದಲು ಹಾಗೇ ಅನ್ಸಿತ್ತು, ಆದ್ರೆ ಸೆಕೆಂಡಿಗೆ ಹಲವು ಸಲ ಅಳೆಯೋ ಸಿಸ್ಟಮ್ಮಿಗೆ ನೂರರಲ್ಲಿ ನಾಲ್ಕು ಅಂದ್ರೆ ಒಂದು ಟೀ ಕುಡಿಯೋ ಹೊತ್ತಲ್ಲಿ ಎಷ್ಟಾಯ್ತು ನೋಡಿ. ಒಂದೇ ಅಳತೆ ನಂಬಿ ಬಾಗಿಲು ತೆಗೆಯೋ ಬದಲು ಸಾಲಾಗಿ ಹಲವು ಅಳತೆ ಒಂದಕ್ಕೊಂದು ಹೊಂದಬೇಕು ಅಂತ ಇಟ್ರೆ ಇದು ಬಹಳ ಕಷ್ಟ ಆಗತ್ತೆ. ಹಾಗೆ ಇಟ್ಟಿದಾರಾ ಇಲ್ವಾ ಅನ್ನೋದು ಸ್ಟಾಂಡರ್ಡಲ್ಲಿ ಇಲ್ಲ, ಪ್ರಾಡಕ್ಟ್ ಮಾಡೋನ ಮರ್ಜಿ.

ಇನ್ನೊಂದು ಗುಟ್ಟು ಮಾರ್ಕೆಟಿಂಗ್ ಬ್ರೋಷರಲ್ಲಿ ಸಿಗಲ್ಲ. ಮೇಲೆ ಹೇಳಿದ ಭದ್ರತೆ ಎಲ್ಲಾ ಟ್ಯಾಗು ಮತ್ತು ಆಂಕರು ಎರಡೂ ಮಾತಾಡಿಕೊಳ್ಳೋ ವಿಧಾನಕ್ಕೆ. ನೂರಾರು ಜನರನ್ನ ಒಟ್ಟಿಗೆ ಹುಡುಕೋ ದೊಡ್ಡ ಸಿಸ್ಟಮುಗಳು ಬ್ಯಾಟರಿ ಉಳಿಸೋಕೆ ಬೇರೆ ವಿಧಾನ ಹಿಡೀತವೆ, ಟ್ಯಾಗು ಒಂದೇ ಸಲ ಮಿಣುಕತ್ತೆ, ಆ ಮಿಣುಕು ಯಾವ ಆಂಕರಿಗೆ ಎಷ್ಟು ಮುಂಚೆ ಎಷ್ಟು ಆಮೇಲೆ ತಲುಪ್ತು ಅನ್ನೋ ವ್ಯತ್ಯಾಸದಿಂದ ಜಾಗ ತೆಗೀತಾರೆ, ಟೈಮ್ ಡಿಫರೆನ್ಸ್ ಆಫ್ ಅರೈವಲ್ ಅಂತ. ಇದರಲ್ಲಿ ಪ್ರಶ್ನೆ ಉತ್ತರ ಇಲ್ಲ, ಹತ್ತಿರ ಆಗೋಕಾಗಲ್ಲ ಅನ್ನೋ ಆ ಗ್ಯಾರಂಟಿನೂ ಇಲ್ಲ. ಒಂದೊಂದು ಆಂಕರಿಗೆ ಒಂದೊಂದು ಡೈರೆಕ್ಷನಲ್ ಆಂಟೆನಾ ಗುರಿ ಇಟ್ಟು ಬೇರೆ ಬೇರೆ ಕ್ಷಣದಲ್ಲಿ ಅದೇ ಮಿಣುಕು ಕಳಿಸಿದ್ರೆ ಬೇಕಾದ ಜಾಗದಲ್ಲಿ ಚುಕ್ಕಿ ಕೂರಿಸಬಹುದು. ಅದರ ಮೇಲೆ ಎಲ್ಲಾ ಆಂಕರುಗಳ ಗಡಿಯಾರ ಒಂದೇ ಸಮ ನಡೀಬೇಕು, ಒಂದು ನ್ಯಾನೋಸೆಕೆಂಡ್ ತಪ್ಪಿದ್ರೆ 30 ಸೆಂಟಿಮೀಟರ್ ಲೆಕ್ಕ ತಪ್ಪತ್ತೆ. ಗಡಿಯಾರ ಹೊಂದಿಸೋ ಮೆಸೇಜುಗಳನ್ನೇ ಕೆಡಿಸಿದ್ರೆ ಟ್ಯಾಗಿನ ಹತ್ತಿರಕ್ಕೂ ಹೋಗದೆ ಇಡೀ ಮ್ಯಾಪು ಕೆಡತ್ತೆ.

ನೊಝೋಮಿ ನೆಟ್‌ವರ್ಕ್ಸ್ ಅನ್ನೋ ಕಂಪನಿಯ ಸಂಶೋಧಕರು 2022ರ ಬ್ಲ್ಯಾಕ್ ಹ್ಯಾಟ್ ಅನ್ನೋ ಸೆಕ್ಯೂರಿಟಿ ಸಮಾವೇಶದಲ್ಲಿ ತೋರಿಸಿದ್ದು ಇದರ ತೀರಾ ಮುಜುಗರದ ರೂಪ. ಮಾರ್ಕೆಟ್ಟಲ್ಲಿ ಸಿಗೋ ಎರಡು ಯುಡಬ್ಲ್ಯೂಬಿ ಕಿಟ್ ತಂದು ನೋಡಿದ್ರು. ಗಾಳಿಲಿ ಹೋಗೋ ಸಿಗ್ನಲ್ ತಂಟೆಗೇ ಹೋಗಲಿಲ್ಲ. ಆಂಕರಿಂದ ಸರ್ವರಿಗೆ ಡೇಟಾ ಹೋಗೋದು ಮಾಮೂಲಿ ನೆಟ್‌ವರ್ಕ್ ಕೇಬಲ್ಲು ಇಲ್ಲ ವೈಫೈ ಮೇಲೆ ತಾನೇ, ಅಲ್ಲಿ ಎನ್‌ಕ್ರಿಪ್ಷನ್ನೇ ಇರಲಿಲ್ಲ. ಆ ನೆಟ್‌ವರ್ಕಿಗೆ ಕಾಲಿಟ್ಟೋರು ಯಾರು ಎಲ್ಲಿದಾರೆ ಅಂತ ಓದಬಹುದು, ಪ್ಯಾಕೆಟ್ (ಡೇಟಾ ತುಣುಕು) ತಿದ್ದಿ ಬೇರೆ ಕಡೆ ಇದಾರೆ ಅಂತನೂ ತೋರಿಸಬಹುದು. ಜಾಗ ಲೆಕ್ಕ ಹಾಕೋಕೆ ಆಂಕರುಗಳು ಎಲ್ಲಿವೆ ಅಂತ ಗೊತ್ತಿರಬೇಕಲ್ಲ ಅಂದ್ರೆ ಅದನ್ನೂ ಅದೇ ಪ್ಯಾಕೆಟ್ಟಲ್ಲಿದ್ದ ಸಿಗ್ನಲ್ ಪವರ್ ನೋಡಿ ಅಂದಾಜು ಮಾಡಿದ್ರು. ಮನುಷ್ಯ ಗೆರೆ ದಾಟಿ ಮಷೀನ್ ಹತ್ತಿರ ಬಂದ್ರೆ ಮಷೀನ್ ನಿಲ್ಲಬೇಕು ಅನ್ನೋದು ಇಂಥ ಸಿಸ್ಟಮ್ಮಿನ ಮುಖ್ಯ ಕೆಲಸಗಳಲ್ಲಿ ಒಂದು. ಚುಕ್ಕಿನ ಗೆರೆ ಆಚೆ ಇಟ್ರೆ ಮನುಷ್ಯ ಒಳಗಿದ್ದಾಗಲೂ ಮಷೀನ್ ಓಡತ್ತೆ. ಸ್ಟಾಂಡರ್ಡ್ ಬರೆದೋರನ್ನ ಕೇಳಿದ್ರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ, ನಮ್ಮದು ಗಾಳಿವರೆಗೆ ಮಾತ್ರ ಅಂತಾರೆ, ಅದೂ ಸರಿನೇ. ಮುಂಬಾಗಿಲಿಗೆ ಉಕ್ಕಿನ ಕದ, ಹಿತ್ತಲ ಬಾಗಿಲಿಗೆ ಚಿಲಕ ಇಲ್ಲ.

ಡಬ್ಬಿಗಳ ಬಗ್ಗೆ ಎರಡು ಮಾತು. ಸೆನ್ಸರ್ ನೆಟ್‌ವರ್ಕ್ ಸಂಶೋಧನೆ ಜೋರಾಗಿದ್ದ ಕಾಲದಲ್ಲಿ ಎಲ್ಲರ ಕೈಲಿದ್ದ ಮೈಕಾ2 ಅನ್ನೋ ಸೆನ್ಸರ್ ಡಬ್ಬಿಲಿ 8 ಬಿಟ್ ಪ್ರೊಸೆಸರ್ರು, 4 ಕಿಲೋಬೈಟ್ ರ್‍ಯಾಮ್, ಅದರಲ್ಲಿ ಭಾರಿ ಎನ್‌ಕ್ರಿಪ್ಷನ್ ಮಾಡೋಕಾಗಲ್ಲ ಅನ್ನೋದು ಸಾಮಾನ್ಯ ನೆಪ ಆಗಿತ್ತು. 2004ರಲ್ಲಿ ಟೈನಿಸೆಕ್ ಅನ್ನೋ ಸಾಫ್ಟ್‌ವೇರ್ ಬಂದು ಹತ್ತು ಪರ್ಸೆಂಟಿಗಿಂತ ಕಡಿಮೆ ಹೆಚ್ಚುವರಿ ಪವರಲ್ಲಿ ಮಾಡಬಹುದು ಅಂತ ತೋರಿಸಿದಮೇಲೆ ಆ ನೆಪ ಸತ್ತುಹೋಗಬೇಕಿತ್ತು, ಪೂರ್ತಿ ಸತ್ತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕೀ ಎಲ್ಲಿಡೋದು ಅನ್ನೋದು. ಗೋಡೆ ಮೇಲೆ ಯಾರೂ ಇಲ್ಲದ ಕಾರಿಡಾರಲ್ಲಿ ನೇತಾಡೋ ಡಬ್ಬಿನ ಬಿಚ್ಚಿ, ತಪ್ಪು ಹುಡುಕೋಕೆ ಅಂತ ಇಟ್ಟಿರೋ ಡೀಬಗ್ ಪೋರ್ಟಿಗೆ ವೈರ್ ಸಿಗಿಸಿದ್ರೆ ಮೆಮೊರಿ ಎಲ್ಲಾ ಹೊರಗೆ ಬರತ್ತೆ, ಎಲ್ಲಾ ಡಬ್ಬಿಗೂ ಒಂದೇ ಕೀ ಇದ್ರೆ ಒಂದು ಕದ್ದರೆ ಇಡೀ ನೆಟ್‌ವರ್ಕ್ ಕದ್ದ ಹಾಗೆ. ಜಿಗ್‌ಬೀ ಅನ್ನೋ ಸೆನ್ಸರ್ ರೇಡಿಯೋ ಸ್ಟಾಂಡರ್ಡಲ್ಲಂತೂ ಹೊಸ ಡಿವೈಸ್ ಸೇರಿಸೋಕೆ ಇಟ್ಟ ಡೀಫಾಲ್ಟ್ ಕೀ "ಜಿಗ್‌ಬೀಅಲಯನ್ಸ್09" ಅಂತ, ಅದು ಜಗತ್ತಿಗೆಲ್ಲಾ ಗೊತ್ತು.

ಏನೂ ಕದಿಯದೆ ಬರೀ ಕೆಲಸ ಕೆಡಿಸೋದು ಇನ್ನೂ ಸುಲಭ. ಸ್ಟಜಾನೋ ಮತ್ತು ಆಂಡರ್ಸನ್ 1999ರಲ್ಲೇ ಇದಕ್ಕೆ ನಿದ್ದೆಗೆಡಿಸೋ ಚಿತ್ರಹಿಂಸೆ ಅನ್ನೋ ಅರ್ಥದ ಹೆಸರಿಟ್ಟಿದ್ರು, ಬ್ಯಾಟರಿ ಡಿವೈಸಿಗೆ ಪದೇ ಪದೇ ಏನೋ ಕೇಳ್ತಾ ಮಲಗೋಕೆ ಬಿಡದೆ ಬ್ಯಾಟರಿ ಖಾಲಿ ಮಾಡಿಸೋದು. ಗದ್ದಲ ಎಬ್ಬಿಸಿ ಸಿಗ್ನಲ್ಲೇ ಕೇಳಿಸದ ಹಾಗೆ ಮಾಡೋ ಜಾಮಿಂಗ್ ಅಂತೂ ಇದ್ದೇ ಇದೆ. ಇದನ್ನ ಸೆಕ್ಯೂರಿಟಿ ಪೇಪರುಗಳಲ್ಲಿ ಒಂದು ಸಾಲಲ್ಲಿ ಹೇಳಿ ಮುಗಿಸ್ತಾರೆ, ಜನರನ್ನ ಹುಡುಕೋ ಸಿಸ್ಟಮ್ಮಿಗೆ ಅದು ಒಂದು ಸಾಲಿನ ವಿಷಯ ಅಲ್ಲ. 2006ರ ಜನವರಿ 2ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೋ ಗಣಿಲಿ ಸ್ಫೋಟ ಆಗಿ 13 ಜನ ಒಳಗೆ ಸಿಕ್ಕಿಹಾಕೊಂಡ್ರು, 12 ಜನ ಸತ್ತರು. ಅವರು ಒಳಗೆ ಎಲ್ಲಿದಾರೆ ಅಂತ ಮೇಲಿದ್ದೋರಿಗೆ ಗೊತ್ತಿರಲಿಲ್ಲ. ಅದೇ ವರ್ಷ ಗಣಿ ಕೆಲಸಗಾರರಿಗೆ ಅಂತ ಬಂದ ಮೈನರ್ ಆಕ್ಟ್ ಅನ್ನೋ ಕಾನೂನು, ಅಪಘಾತ ಆದಮೇಲೂ ಕೆಲಸ ಮಾಡೋ ವೈರ್‌ಲೆಸ್ ಸಂಪರ್ಕ ಮತ್ತು ಟ್ರ್ಯಾಕಿಂಗ್ ಇರಬೇಕು ಅಂತ ಕೇಳಿದ್ದು ಇದೇ ಕಾರಣಕ್ಕೆ. ಇಂಥ ಕಡೆ ಸುಳ್ಳು ಚುಕ್ಕಿಗಿಂತ ಹಳೇ ಚುಕ್ಕಿ ಹೆಚ್ಚು ಅಪಾಯ. ಸಿಗ್ನಲ್ ನಿಂತು ಇಪ್ಪತ್ತು ನಿಮಿಷ ಆದ್ರೂ ಎಷ್ಟೋ ಡ್ಯಾಶ್‌ಬೋರ್ಡು ಕೊನೆ ಸಲ ಕಂಡ ಜಾಗದಲ್ಲೇ ಅದೇ ಹಸಿರು ಚುಕ್ಕಿ ತೋರಿಸ್ತಾ ಕೂತಿರತ್ತೆ, ಬಣ್ಣನಾದ್ರೂ ಬದಲಾಯಿಸ್ರಪ್ಪಾ ಅನ್ಸತ್ತೆ.

ಇಷ್ಟು ಹೊತ್ತು ಕಳ್ಳ ಹೊರಗಿನೋನು ಅಂತಲೇ ಮಾತಾಡಿದ್ವಿ. ಟ್ಯಾಗ್ ಹಾಕೊಂಡೋನೇ ಸಿಸ್ಟಮ್ಮಿಗೆ ಎದುರಾಳಿ ಆಗಿರೋ ಸಂದರ್ಭ ಬೇಕಾದಷ್ಟಿವೆ, ಗೃಹಬಂಧನದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡೋನು, ಗೆಳೆಯನ ಬ್ಯಾಡ್ಜನ್ನೂ ಜೇಬಲ್ಲಿಟ್ಕೊಂಡು ಇಬ್ಬರ ಹಾಜರಿ ಹಾಕೋನು. ಇವನ ಹತ್ರ ಕೀ ಇದೆ, ಅಸಲಿ ಟ್ಯಾಗೇ ಇದೆ, ಎನ್‌ಕ್ರಿಪ್ಷನ್ ಎಲ್ಲಾ ಸರಿಯಾಗೇ ನಡೀತಿದೆ. ಸಿಸ್ಟಮ್ಮಿಗೆ ಗೊತ್ತಾಗೋದು ಟ್ಯಾಗ್ ಎಲ್ಲಿದೆ ಅಂತ, ಮನುಷ್ಯ ಎಲ್ಲಿದಾನೆ ಅಂತಲ್ಲ. ಟ್ಯಾಗಿಗೂ ಮೈಗೂ ಇರೋ ಆ ಗಂಟು ಗಟ್ಟಿ ಮಾಡೋಕೆ ಬಿಚ್ಚಿದ್ರೆ ಗೊತ್ತಾಗೋ ಪಟ್ಟಿ, ನಾಡಿ ಮಿಡಿತ ನೋಡೋ ಸೆನ್ಸರ್ ಅಂತೆಲ್ಲಾ ಸೇರಿಸ್ತಾ ಹೋಗ್ತಾರೆ, ಒಂದೊಂದು ಸೇರಿಸಿದಾಗಲೂ ಟ್ಯಾಗು ಆ ಮನುಷ್ಯನ ಬಗ್ಗೆ ಇನ್ನೊಂದು ವಿಷಯ ಜಾಸ್ತಿ ತಿಳ್ಕೊಳತ್ತೆ.

ಹೀಗೆ ತಿಳ್ಕೊಂಡದ್ದು ಎಲ್ಲಿಗೆ ಹೋಗತ್ತೆ? ವರ್ಜೀನಿಯಾ ಯೂನಿವರ್ಸಿಟಿಯೋರು 2008ರಲ್ಲಿ ಮಾಡಿದ ಒಂದು ಪ್ರಯೋಗ ನನ್ನ ತಲೇಲಿ ಕೂತುಬಿಟ್ಟಿದೆ. ಎಂಟು ಮನೆಗಳಲ್ಲಿ ವೈರ್‌ಲೆಸ್ ಸೆನ್ಸರ್ ಇದ್ವು, ಬಾಗಿಲಿಗೆ, ಬಚ್ಚಲಿಗೆ, ಅಡುಗೆ ಮನೆಗೆ ಹಾಕ್ತಾರಲ್ಲ ಅಂಥವು. ಮೆಸೇಜುಗಳು ಪೂರ್ತಿ ಎನ್‌ಕ್ರಿಪ್ಟ್ ಆಗಿವೆ ಅಂತಲೇ ಇಟ್ಕೊಂಡು, ಹೊರಗೆ ಕೂತು ಕೇಳಿಸಿಕೊಳ್ಳೋನಿಗೆ ಸಿಗೋದು ಎರಡೇ ಅಂತ ಇಟ್ಕೊಂಡ್ರು, ಯಾವ ಕ್ಷಣದಲ್ಲಿ ಮೆಸೇಜ್ ಹೋಯ್ತು ಮತ್ತು ಆ ರೇಡಿಯೋದ ಸಿಗ್ನಲ್ಲಿನ ವೈಖರಿ ಏನು, ಪ್ರತಿ ರೇಡಿಯೋಗೂ ತಯಾರಿಲಿ ಬಂದ ಸಣ್ಣ ಸೊಟ್ಟ ಇರತ್ತೆ ಅದು ಬೆರಳಚ್ಚಿನ ಥರ. ಅಷ್ಟರಿಂದಲೇ ಅಡುಗೆ ಯಾವಾಗ, ಸ್ನಾನ ಯಾವಾಗ, ಟಾಯ್ಲೆಟ್ಟಿಗೆ ಯಾವಾಗ ಹೋದ್ರು, ಯಾವಾಗ ಮಲಗಿದ್ರು ಅಂತ ತೆಗೆದುಬಿಟ್ರು. ಒಂದು ಮೆಸೇಜೂ ಓದದೆ. ಪರಿಹಾರ ಇದೆ, ಸುಳ್ಳು ಮೆಸೇಜುಗಳನ್ನ ಮಧ್ಯೆ ಮಧ್ಯೆ ಕಳಿಸೋದು, ಬೇಕಂತಲೇ ತಡ ಮಾಡಿ ಕಳಿಸೋದು, ಸಿಗ್ನಲ್ ಮನೆಯಾಚೆ ಹೋಗದ ಹಾಗೆ ಪವರ್ ತಗ್ಗಿಸೋದು. ಮೊದಲನೇದು ಬ್ಯಾಟರಿ ತಿನ್ನತ್ತೆ, ಎರಡನೇದು ಬಿದ್ದ ಅಜ್ಜಿಯ ಅಲಾರಂ ತಡ ಮಾಡತ್ತೆ.

ಐಡಿನ ಆಗಾಗ ಬದಲಾಯಿಸೋದು ಇನ್ನೊಂದು ದಾರಿ, ಬ್ಲೂಟೂತ್ ಫೋನುಗಳು ಅದನ್ನ ಮಾಡ್ತವೆ. ಆದ್ರೆ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯೋರು 2022ರಲ್ಲಿ ಅದೇ ರೇಡಿಯೋ ಬೆರಳಚ್ಚಿನ ತಂತ್ರ ಹಿಡಿದು, ಸಾರ್ವಜನಿಕ ಜಾಗಗಳಲ್ಲಿ ಕಂಡ 162 ಡಿವೈಸುಗಳಲ್ಲಿ ಸುಮಾರು 40 ಪರ್ಸೆಂಟನ್ನ ಐಡಿ ಬದಲಾದ್ರೂ ಬೇರೆಯವುಗಳಿಂದ ಬಿಡಿಸಿ ಗುರುತಿಸಬಹುದು ಅಂತ ತೋರಿಸಿದ್ರು. ಹೆಸರು ತೆಗೆದುಹಾಕಿ ಡೇಟಾ ಇಟ್ಕೋತೀವಿ ಅನ್ನೋರಿಗೂ ಒಂದು ನಂಬರ್ ಹೇಳಬೇಕು, 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ ಮೊಬೈಲ್ ಓಡಾಟದ ಡೇಟಾ ತಗೊಂಡು ನೋಡಿದಾಗ, ಬರೀ ನಾಲ್ಕು ಜಾಗ ಮತ್ತು ಹೊತ್ತು ಗೊತ್ತಿದ್ರೆ 95 ಪರ್ಸೆಂಟ್ ಜನ ಒಬ್ಬೊಬ್ಬರಾಗಿ ಬೇರೆಯಾಗಿ ಕಾಣ್ತಾರೆ ಅಂತ ಗೊತ್ತಾಯ್ತು. ಅದು ಟವರ್ ಮಟ್ಟದ ಒರಟು ಜಾಗ, ಗಂಟೆಗೊಂದು ಸಲ. ಇಲ್ಲಿ ನಾವು ಮಾತಾಡ್ತಿರೋದು ಸೆಂಟಿಮೀಟರು ಮತ್ತು ಸೆಕೆಂಡು.

ಏರ್‌ಟ್ಯಾಗ್ ವಿಷಯದಲ್ಲಿ ಜಾಗ ಗೊತ್ತಾಗಬೇಕು, ಗುಟ್ಟೂ ಉಳೀಬೇಕು ಅನ್ನೋ ಎರಡೂ ಆಸೆ ಡಿಕ್ಕಿ ಹೊಡೆದದ್ದು ಎಲ್ಲರೂ ನೋಡಿದ್ರು. ಕಳೆದ ವಸ್ತು ಹುಡುಕೋಕೆ ಅಂತ ಆಪಲ್ ಮಾಡಿದ ಈ ಬಿಲ್ಲೆ 2021ರಲ್ಲಿ ಬಂತು, ಮಾಲೀಕನ ಪ್ರೈವೆಸಿಗೆ ಅಂತ ಅದರ ಐಡಿ ಬದಲಾಗ್ತಾ ಇರತ್ತೆ, ಅಪರಿಚಿತರ ಫೋನುಗಳೇ ಅದರ ಸೆನ್ಸರ್ ನೆಟ್‌ವರ್ಕು. ಅದನ್ನ ಯಾರದೋ ಬ್ಯಾಗಿಗೆ ಹಾಕಿ ಹಿಂಬಾಲಿಸೋಕೆ ಶುರು ಮಾಡಿದಾಗ ಮಾಲೀಕನನ್ನ ಕಾಯೋ ಅದೇ ಗುಣ ಕಾಡೋನನ್ನೂ ಕಾಯ್ತು. ಆಪಲ್ಲು ಗೂಗಲ್ಲು ಸೇರಿ 2023ರ ಮೇ ತಿಂಗಳಲ್ಲಿ ಅನಗತ್ಯ ಟ್ರ್ಯಾಕರ್ ಪತ್ತೆಗೆ ಒಂದು ಕರಡು ತಂದ್ರು, 2024ರ ಮೇನಲ್ಲಿ ಎರಡೂ ಥರದ ಫೋನಲ್ಲಿ ಎಚ್ಚರಿಕೆ ಬರೋಕೆ ಶುರುವಾಯ್ತು. ಅದಾದ ಮೇಲೆ ಆಪಲ್ ಅಲ್ಲದ ಬೇರೆ ಬ್ಲೂಟೂತ್ ಡಿವೈಸುಗಳನ್ನೂ ಆ ನೆಟ್‌ವರ್ಕ್ ಕಣ್ಣಿಗೆ ಏರ್‌ಟ್ಯಾಗ್ ಥರ ಕಾಣಿಸೋ ಹಾಗೆ ಮಾಡಬಹುದು ಅಂತ 2025ರಲ್ಲಿ ಜಾರ್ಜ್ ಮೇಸನ್ ಯೂನಿವರ್ಸಿಟಿಯೋರು ತೋರಿಸಿದ್ರು, ಅಂದ್ರೆ ಯಾರೂ ಏನೂ ಬ್ಯಾಗಿಗೆ ಹಾಕೋದೂ ಬೇಡ, ನಿಮ್ಮ ಲ್ಯಾಪ್‌ಟಾಪಿಗೆ ಒಂದು ಕೆಟ್ಟ ಪ್ರೋಗ್ರಾಂ ಹೊಕ್ಕರೆ ಸಾಕು.

ಇಲ್ಲಿಗೆ ಬಂದಾಗ ನನಗನ್ಸೋದು, ನಿಜವಾದ ಜಾಗನೇ ಹೇಳಬೇಕು ಅನ್ನೋದು ಮತ್ತು ಜಾಗ ಕಂಡವರಿಗೆಲ್ಲ ಗೊತ್ತಾಗಬಾರದು ಅನ್ನೋದು, ಇವೆರಡನ್ನ ಒಂದೇ ಸೆಕ್ಯೂರಿಟಿ ಅನ್ನೋ ಪದದಲ್ಲಿ ಕಟ್ಟಿ ಇಟ್ಟಿರೋದೇ ಅರ್ಧ ಗೊಂದಲಕ್ಕೆ ಕಾರಣ. ಮೊದಲನೇದಕ್ಕೆ ಟ್ಯಾಗು ಜೋರಾಗಿ, ಪದೇ ಪದೇ, ಬದಲಾಗದ ಗುರುತಿಂದ ಮಾತಾಡಬೇಕು, ಎರಡನೇದಕ್ಕೆ ಮೆಲ್ಲಗೆ, ಅಪರೂಪಕ್ಕೆ, ವೇಷ ಬದಲಾಯಿಸಿ. ಗಣಿಗೆ ಮೊದಲನೇದು ಬೇಕು ಬಿಡಿ, ಎರಡನೇ ಯೋಚನೆ ಬೇಡ. ಆಫೀಸಲ್ಲಿ ಯಾರು ಯಾವ ಟೇಬಲ್ ಹತ್ರ ಎಷ್ಟು ಹೊತ್ತಿದ್ರು ಅನ್ನೋದಕ್ಕೆ ಸೆಂಟಿಮೀಟರ್ ಲೆಕ್ಕ ಯಾಕೆ ಬೇಕು ಅಂತ ಕೇಳೋರೇ ಇಲ್ಲ, ಹಾರ್ಡ್‌ವೇರ್ ಕೊಡತ್ತೆ ಅದಕ್ಕೆ ತಗೋತಾರೆ, ಎಷ್ಟು ದಿನ ಇಟ್ಕೋಬೇಕು ಅಂತ ಯಾರೂ ತೀರ್ಮಾನ ಮಾಡಿಲ್ಲದಿರೋದಕ್ಕೆ ಸರ್ವರಲ್ಲಿ ವರ್ಷಗಟ್ಟಲೆ ಇರತ್ತೆ.

ಕೊನೆಗೆ ಟ್ಯಾಗೇ ಇಲ್ಲದ ಹುಡುಕಾಟ. ಮನುಷ್ಯ ನಡೆದಾಡಿದ್ರೆ ರೂಮಲ್ಲಿರೋ ವೈಫೈ ಅಲೆಗಳು ಅಲ್ಲಾಡ್ತವೆ, ಆ ಅಲ್ಲಾಟ ನೋಡಿ ಒಳಗೆ ಯಾರಾದ್ರೂ ಇದಾರಾ, ಬಿದ್ರಾ, ಉಸಿರಾಡ್ತಿದಾರಾ ಅಂತ ಹೇಳೋದು ಲ್ಯಾಬಿಂದ ಹೊರಗೆ ಬಂದಾಯ್ತು, ಇದಕ್ಕೇ ಅಂತ 802.11ಬಿಎಫ್ ಅನ್ನೋ ವೈಫೈ ಸ್ಟಾಂಡರ್ಡ್ 2025ರಲ್ಲಿ ಒಪ್ಪಿಗೆ ಆಯ್ತು. ಡ್ರಾಯರಲ್ಲಿ ಬಿಸಾಕೋಕೆ ಇಲ್ಲಿ ಬ್ಯಾಡ್ಜೇ ಇಲ್ಲ. ಇದೇ ಕೆಲಸನ ಮನೆಯವರಲ್ಲದೆ ಹೊರಗಿನೋರೂ ಮಾಡಬಹುದು ಅಂತ 2020ರಲ್ಲಿ ಒಂದು ತಂಡ ತೋರಿಸಿತು. ಗೋಡೆ ಆಚೆ ಒಂದು ಸಣ್ಣ ರಿಸೀವರ್ ಇಟ್ಕೊಂಡು ಮನೆ ಒಳಗಿನ ಸ್ಪೀಕರು, ಕ್ಯಾಮರಾ, ಬಲ್ಬುಗಳ ವೈಫೈ ಸಿಗ್ನಲ್ ಹೇಗೆ ಏರಿಳಿಯತ್ತೆ ಅಂತ ನೋಡಿ ಯಾವ ರೂಮಲ್ಲಿ ಓಡಾಟ ಇದೆ ಅಂತ ಹೇಳಿದ್ರು, ಪಾಸ್‌ವರ್ಡ್ ಬೇಡ, ಆ ನೆಟ್‌ವರ್ಕಿಗೆ ಸೇರೋದೂ ಬೇಡ. ಅವರು ಸೂಚಿಸಿದ ತಡೆ ಏನಂದ್ರೆ, ಮನೆಯ ರೌಟರೇ ಆ ಬಲ್ಬು ಸ್ಪೀಕರುಗಳ ಹೆಸರಲ್ಲಿ ಸುಳ್ಳು ಪ್ಯಾಕೆಟ್ ಕಳಿಸ್ತಾ ಇರೋದು, ಹೊರಗಿನೋನಿಗೆ ಯಾವುದು ಅಸಲಿ ಯಾವುದು ನಕಲಿ ಅಂತ ಗೊತ್ತಾಗದ ಹಾಗೆ. ಒಳ್ಳೇ ಉಪಾಯ. ಆದ್ರೆ ಅದೇ ಮನೇಲಿ ಅಜ್ಜಿ ಬಿದ್ರೆ ಹೇಳು ಅಂತ ಬೇರೆ ಕಂಪನಿಯ ವೈಫೈ ಸೆನ್ಸರ್ ಕೂರಿಸಿದ್ರೆ, ರೌಟರು ಅದಕ್ಕೂ ಯಾವ ಪ್ಯಾಕೆಟ್ ಸುಳ್ಳು ಅಂತ ಗುಟ್ಟಾಗಿ ಹೇಳಿಕೊಡಬೇಕು, ಹಾಗೆ ಹೇಳೋಕೆ ಇನ್ನೊಂದು ಕೀ ಬೇಕು, ಆ ಕೀ ಇರೋದು ಗೋಡೆ ಮೇಲಿನ ಅದೇ ಅಗ್ಗದ ಡಬ್ಬಿ ಒಳಗೆ.